ಕಲ್ಲವ್ವನ ಉಪವಾಸ

ಅಮೆರಿಕಾದ ಮೇರಿಲ್ಯಾಂಡಿನ ಜರ್ಮನ್‌ಟೌನಿನ ಶಿವಬಸಪ್ಪನ ಮನೆಯಲ್ಲಿ ಆರು ವರ್ಷದಿಂದ ಒಂದು ಗಿಡ ಕೂತಿತ್ತು. ಹೂವಿನ ಗಿಡ ಎಂದು ಬಂದದ್ದು. ಈವರೆಗೆ ಹೂ ಇರಲಿ, ಹೂಂ ಎಂದೂ ಅಂದಿರಲಿಲ್ಲ. ಹಾಗೆಂದು ಸಾಯಲೂ ಇಲ್ಲ. ಸೊಂಟದ ಪಟ್ಟಿಯಷ್ಟು ಅಗಲದ ಕಡುಹಸಿರು ಎಲೆಗಳನ್ನು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡು, ಮನೆಯ ಹಿಂದಿನ ಗಾಜಿನ ಕೋಣೆಯಲ್ಲಿ, ಮದುವೆಗೆ ಎಲ್ಲರಿಗಿಂತ ಮೊದಲು ಬಂದು ಊಟದ ಕರೆ ಬಾರದೆ ಕೂತ ಬೀಗರ ಹಾಗೆ ಗಂಭೀರವಾಗಿತ್ತು.

ಗಿಡದ ಹೆಸರು ಕ್ಲೈವಿಯಾ. ಹುಟ್ಟೂರು ದಕ್ಷಿಣ ಆಫ್ರಿಕಾದ ಕಾಡು, ದೊಡ್ಡ ಮರಗಳ ಬುಡದ ನೆರಳು. ಅಲ್ಲಿಂದ ಇಂಗ್ಲೆಂಡಿಗೆ ಹೋದಾಗ ಪ್ಲಾಸಿ ಕದನದ ಕ್ಲೈವ್ ಸಾಹೇಬನ ಮೊಮ್ಮಗಳ ಹೆಸರನ್ನು ಇದಕ್ಕೆ ಅಂಟಿಸಿದರು. ಕ್ಲೈವ್ ಮನೆತನದವರು ಒಮ್ಮೆ ಬಂದು ಕೂತರೆ ಸುಲಭಕ್ಕೆ ಏಳುವವರಲ್ಲ ಎಂಬುದು ಇತಿಹಾಸ ಓದಿದ ಯಾರಿಗೂ ಗೊತ್ತು.

ಇದನ್ನು ಕೊಟ್ಟವನು ಗುರುಶಾಂತಪ್ಪ. ಧಾರವಾಡದ ಹಾಸ್ಟೆಲಿನಲ್ಲಿ ಶಿವಬಸಪ್ಪನ ಕೋಣೆಯಲ್ಲೇ ಇದ್ದವನು. ಈಗ ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ ಆಪರೇಷನ್ನಿಗೆ ಮೊದಲು ಜನರಿಗೆ ಅರಿವಳಿಕೆ ಕೊಡುವ ಡಾಕ್ಟರು. ಮನುಷ್ಯರನ್ನು ಮಲಗಿಸಿ ಎಬ್ಬಿಸುವುದೇ ಕಸುಬಾದ್ದರಿಂದ ಗಿಡವನ್ನು ಮಲಗಿಸಿ ಎಬ್ಬಿಸುವುದೂ ಅವನಿಗೆ ಕೈವಶ. ಅವನ ಮನೆಯಲ್ಲಿ ಇದರ ತಾಯಿಗಿಡ ಪ್ರತಿ ಮಾರ್ಚಿಗೆ ಅರಳುತ್ತಿತ್ತು. ಅರಳಿದ ದಿನ ತಪ್ಪದೆ ಜರ್ಮನ್‌ಟೌನಿಗೆ ಫೋನ್ ಬರುತ್ತಿತ್ತು.

“ಲೇ ಶಿವ್ಯಾ, ಈ ಸಲ ಮೂರು ಕಡ್ಡಿ ಬಂದಾವು ನೋಡು. ಒಂದೊಂದ್ರಾಗ ಹದಿನೈದು ಹೂ. ನಿಂದೇನೋ?”

“ಎಲಿ ಚೊಲೋ ಬಂದಾವು.”

“ಎಲಿ ತಗೊಂಡು ಏನ್ ಮಾಡ್ತೀಯೋ, ಊಟಕ್ಕ ಹಾಸ್ತೀಯೇನು?”

ಕ್ಲೈವಿಯಾ ಸಾಕುವ ವಿಧಾನವೇ ಒಂದು ಬೆರಗು. ಉಳಿದ ಗಿಡಗಳು ಬೆಳಕು ಕೇಳಿದರೆ ಇದು ನೆರಳು ಕೇಳುತ್ತದೆ. ಕುಂಡ ಇಕ್ಕಟ್ಟಾಗಿ ಬೇರುಗಳು ಒಂದರ ಮೇಲೊಂದು ಬಿದ್ದಾಗಲೇ ಖುಷಿಯಾಗಿರುತ್ತದೆ. ಚಳಿಗಾಲದಲ್ಲಿ ಆರರಿಂದ ಎಂಟು ವಾರ ಇದನ್ನು ತಣ್ಣನೆಯ ಜಾಗದಲ್ಲಿ, ಒಂದು ಹನಿ ನೀರೂ ಕೊಡದೆ ಬಿಟ್ಟುಬಿಡಬೇಕು. ಆಗ ಮಾತ್ರ ಎಲೆಗಳ ನಡುವಿನಿಂದ ಹೂವಿನ ಕಡ್ಡಿ ಮೇಲೇಳುತ್ತದೆ. ಅರವತ್ತೆಂಟರಲ್ಲಿ ಒಂದೇ ಸೂಟ್‌ಕೇಸ್ ಹಿಡಿದು ಬಂದು, ಹೀಟರ್ ಕೆಟ್ಟ ಅಪಾರ್ಟ್‌ಮೆಂಟಿನ ಒಂದು ಕೋಣೆಯಲ್ಲಿ ನಾಲ್ವರು ಮಲಗಿ, ಬ್ರೆಡ್ ತಿಂದು ಪಿಎಚ್‌ಡಿ ಮುಗಿಸಿದ ಶಿವಬಸಪ್ಪನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅವನೂ ಹಾಗೇ ಅರಳಿದವನು.

ಸರ್ಕಾರಿ ಲ್ಯಾಬಿನ ವಿಜ್ಞಾನಿ ಎಂದಮೇಲೆ ಗಿಡಕ್ಕೂ ಒಂದು ನೋಟ್‌ಬುಕ್ ಇಟ್ಟ. ಪ್ರತಿ ವರ್ಷ ನವೆಂಬರ್ ಹದಿನೈದರಿಂದ ದಿನವೂ ಅದರಲ್ಲಿ ‘ನೀರು: ಇಲ್ಲ’ ಎಂದು ಬರೆಯುತ್ತಿದ್ದ. ಗಾಜಿನ ಕೋಣೆಗೆ ಬಿಸಿಗಾಳಿ ಬರುವ ಕಿಂಡಿಗೆ ಟೇಪ್ ಹಚ್ಚಿದ. ಮಣ್ಣಿನ ತೇವ ಅಳೆಯಲು ಒಂದು ಮೀಟರ್ ತಂದು ಚುಚ್ಚಿದ. ನೀರು ನಿಲ್ಲಿಸಿ ತಿಂಗಳಾದರೂ ಮೀಟರು ‘ಒದ್ದೆ’ ಅಂದಿತು. ಶಿವಬಸಪ್ಪ ಅದನ್ನು ಒದ್ದೇ ಬಿಟ್ಟ. ಎರಡನೆಯದನ್ನು ತಂದ. ಅದೂ ಒದ್ದೆ. ಮೂರನೆಯದೂ ಒದ್ದೆ ಅಂದಾಗ, ಮೂರು ಮೀಟರುಗಳು ಒಟ್ಟಿಗೆ ಸುಳ್ಳು ಹೇಳಲಾರವು ಎಂದು ನೀವು ನಾವು ಯೋಚಿಸುತ್ತಿದ್ದೆವು. ಅವನು ವಿಜ್ಞಾನಿ, ಹೊಸ ಸಿದ್ಧಾಂತ ಹೊರಡಿಸಿದ. ಮೇರಿಲ್ಯಾಂಡಿನ ಗಾಳಿಯ ತೇವವನ್ನು ಕ್ಲೈವಿಯಾದ ಬೇರು ನೇರವಾಗಿ ಹೀರುತ್ತದೆ ಎಂದು ಗಿಡ ಪ್ರೇಮಿಗಳ ಪತ್ರಿಕೆಗೆ ಎರಡು ಪುಟದ ಕಾಗದ ಬರೆದು, ಮೂರು ಗ್ರಾಫ್ ಲಗತ್ತಿಸಿ, ಸ್ಟಾಂಪೊಂದನ್ನು ಹಚ್ಚುವುದು ಬಾಕಿ ಇಟ್ಟಿದ್ದ. ಮಣ್ಣಿನ ಮೇಲೆ ಕಟ್ಟಿದ ಬೂದುಬಣ್ಣದ ಪದರಕ್ಕೆ ‘ಸ್ಥಳೀಯ ಖನಿಜ’ ಎಂದು ಹೆಸರು ಕೊಟ್ಟಿದ್ದ.

ತೊಂಬತ್ತೈದರ ಅಕ್ಟೋಬರಿನಲ್ಲಿ ಅವನ ತಾಯಿ ಶಾಂತವ್ವ ನರಗುಂದದ ಕಡೆಯ ಹಳ್ಳಿಯಿಂದ ಬಂದಳು. ಎಪ್ಪತ್ತಾರು ವರ್ಷ, ಎರಡೂ ಮೊಣಕಾಲು ನೋವು, ಕಣ್ಣಿಗೆ ಪೊರೆ. ಮಾರ್ಚ್ ಮೂವತ್ತಕ್ಕೆ ವಾಪಸ್ ಟಿಕೆಟ್. “ಇದೇ ಮೊದಲು, ಇದೇ ಕಡೀದು. ಇನ್ನೊಮ್ಮೆ ಈ ವಿಮಾನದಾಗ ಕಾಲ್ ಮಡಚಿ ಕುಂಡ್ರಾಕ ಆಗಂಗಿಲ್ಲ” ಎಂದು ಏರ್‌ಪೋರ್ಟಿನಲ್ಲೇ ಹೇಳಿಬಿಟ್ಟಿದ್ದಳು.

ಅವಳಿಗೆ ಅಮೆರಿಕಾದಲ್ಲಿ ಕಂಡದ್ದು ಒಂದೇ ಕೊರತೆ. ದಿನಾ ಬೆಳಿಗ್ಗೆ ಕೊರಳಿನ ಬೆಳ್ಳಿಯ ಕರಡಿಗೆ ತೆರೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಹೂವು ಏರಿಸುವುದು ಅರವತ್ತು ವರ್ಷದ ರೂಢಿ. ಒಣಗಿಸಿ ತಂದಿದ್ದ ಬಿಲ್ವಪತ್ರೆಯನ್ನು ಕಸ್ಟಮ್ಸಿನವರು ಕಸದ ಡಬ್ಬಿಗೆ ಹಾಕಿದ್ದರು. ಉಳಿದದ್ದು ಹೂವು. ಊರಲ್ಲಿ ಅವಳದೇ ಕಣಗಿಲೆ, ಅವಳದೇ ದಾಸವಾಳ. ಇಲ್ಲಿ ಹೂವು ಗ್ರೋಸರಿ ಅಂಗಡಿಯಲ್ಲಿ ಈರುಳ್ಳಿಯ ಪಕ್ಕ.

ಪಕ್ಕದ ಬೀದಿಯ ಹರಿಪ್ರಸಾದ ಒಂದು ದಿನ ಭಕ್ತಿಯಿಂದ ಬಿಳಿ ಸೇವಂತಿಗೆಯ ಕಟ್ಟು ತಂದ. ಅವನು ಮೈಸೂರಿನವನು, ಎಲ್ಲರಿಗೂ ಉಪಕಾರ ಮಾಡುವ ಚಟ.

“ಅಮ್ಮಾ, ನಿಮ್ಮ ಪೂಜೆಗೆ ಅಂತ ತಂದೆ. ತುಂಬಾ ಫ್ರೆಶ್ ಆಗಿದೆ, ನೋಡಿ” ಎಂದು ಕಟ್ಟನ್ನು ಮೂಗಿಗೆ ಒತ್ತಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಕೊಟ್ಟ.

“ಚೊಲೋ ಆತಪಾ” ಎಂದು ಶಾಂತವ್ವ ಇಸಿದುಕೊಂಡಳು. ಅವನು ಹೋದಮೇಲೆ ಸೊಸೆ ನೀಲಗಂಗಾಳಿಗೆ ಕೊಟ್ಟಳು. “ಟೇಬಲ್ ಮ್ಯಾಲ ಇಡವಾ. ಮೂಸಿದ ಹೂ ಲಿಂಗಕ್ಕ ಬರಂಗಿಲ್ಲ. ಇಂವ ನಮ್ಮ ಮುಂದ ಮೂಸ್ಯಾನು. ಅಂಗಡ್ಯಾಗ ಎಷ್ಟು ಮಂದಿ ಮೂಸಿರ್ತಾರೋ.”

ಹೀಗೆ ಹೂವಿಲ್ಲದ ಪೂಜೆ ನಡೆಯುತ್ತಿದ್ದಾಗ ಗಾಜಿನ ಕೋಣೆಯ ಗಿಡ ಅವಳ ಕಣ್ಣಿಗೆ ಬಿತ್ತು. ಹೆಸರು ಕೇಳಿದಳು. ಮಗ ಹೇಳಿದ. ಅವಳ ಬಾಯಲ್ಲಿ ಕ್ಲೈವ್ ಮನೆತನದ ಹುಡುಗಿ ನರಗುಂದದ ಕಲ್ಲವ್ವ ಆದಳು. ಆರು ವರ್ಷ ಕಲ್ಲಿನಂತೆ ಕೂತದ್ದಕ್ಕೆ ಹೆಸರು ಒಪ್ಪುವಂತೆಯೇ ಇತ್ತು.

“ಕಲ್ಲವ್ವ ಹೂ ಬಿಡ್ತಾಳೇನೋ, ತಮ್ಮಾ?”

“ಬಿಡಬೇಕವ್ವಾ. ಚಳಿಗಾಲ ಮುಗೀಲಿ.”

“ನಾ ಹೋಗೂದ್ರೊಳಗ?”

ಶಿವಬಸಪ್ಪ ಗಿಡದ ಕಡೆ ನೋಡಿದ. “ಬಿಡ್ತೈತಿ” ಅಂದ.

“ಹಂಗಾದ್ರ ಆತು. ನಾ ನೀರು ಹಾಕಿದ ಗಿಡದ ಹೂ, ಒಂದಾದ್ರೂ ಈ ದೇಶದಾಗ ಏರಿಸಿ ಹೋಗ್ತೀನಿ” ಅಂದಳು ಶಾಂತವ್ವ.

ನೀರು ಹಾಕಿದ ಗಿಡ ಎಂಬ ಮಾತು ಮಗನ ಕಿವಿಯನ್ನು ಮುಟ್ಟಿ ವಾಪಸು ಹೋಯಿತು. ತಾಯಿಯ ಆಸೆಯೊಂದೇ ಒಳಗೆ ಉಳಿಯಿತು. ಆರು ವರ್ಷ ಸ್ನೇಹಿತನ ಎದುರು ಮರ್ಯಾದೆಯ ಪ್ರಶ್ನೆಯಾಗಿದ್ದ ಹೂವು ಈಗ ತಾಯಿಗೆ ಕೊಟ್ಟ ಮಾತಾಯಿತು.

ಡಿಸೆಂಬರ್ ಹದಿನೆಂಟು, ಸೋಮವಾರ, ಅಮೆರಿಕಾ ಸರ್ಕಾರ ಬಾಗಿಲು ಹಾಕಿತು. ವಾಷಿಂಗ್ಟನ್ನಿನಲ್ಲಿ ಬಜೆಟ್ ಜಗಳ. ‘ಎಸೆನ್ಷಿಯಲ್’ ಅಲ್ಲದ ನೌಕರರೆಲ್ಲ ಮುಂದಿನ ಸೂಚನೆಯವರೆಗೆ ಮನೆಯಲ್ಲಿರಬೇಕು ಎಂದು ಆಜ್ಞೆ. ಇಪ್ಪತ್ತೆರಡು ವರ್ಷ ವೈರಸ್ಸುಗಳ ಹಿಂದೆ ಬಿದ್ದಿದ್ದ ಶಿವಬಸಪ್ಪ ದೇಶಕ್ಕೆ ಅಗತ್ಯವಿಲ್ಲದವನು ಎಂದು ಒಂದು ಹಾಳೆಯಲ್ಲಿ ತಿಳಿಯಿತು. ಅದೇ ಲ್ಯಾಬಿನ ಇಲಿಗಳಿಗೆ ಕಾಳು ಹಾಕುವವನು ಎಸೆನ್ಷಿಯಲ್. ಇಲಿಗಳಂತೂ ಎಸೆನ್ಷಿಯಲ್ಲೇ.

ಹೀಗಾಗಿ ವರ್ಷಗಳಲ್ಲಿ ಮೊದಲ ಬಾರಿಗೆ ಅವನು ವಾರದ ನಡುವೆ ಬೆಳಿಗ್ಗೆ ಎಂಟೂಕಾಲಿಗೆ ಮನೆಯಲ್ಲಿದ್ದ. ಉಳಿದ ದಿನ ಟ್ರಾಫಿಕ್ಕಿಗೆ ಹೆದರಿ ಆರಕ್ಕೇ ಹೊರಡುತ್ತಿದ್ದ; ಶನಿವಾರ ಭಾನುವಾರ ಒಂಬತ್ತರವರೆಗೆ ಹೊದ್ದು ಮಲಗುತ್ತಿದ್ದ. ಈಗ ಕಾಫಿ ಹಿಡಿದು ಅಡುಗೆಮನೆಯಿಂದ ಗಾಜಿನ ಕೋಣೆಯ ಕಡೆ ನೋಡಿದರೆ, ನೀಲಗಂಗಾ ಒಳಗೆ ಹೋದಳು. ಕೈಯಲ್ಲಿ ಪೂಜೆಯ ಬಟ್ಟಲು. ಲಿಂಗಕ್ಕೆ ಎರೆದ ನೀರನ್ನು ಕಲ್ಲವ್ವನ ಬುಡಕ್ಕೆ ಸುತ್ತಲೂ ಹಾಕಿದಳು. ಎಲೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕ್ಲಿನಿಕ್ಕಿನ ಕೆಲಸಕ್ಕೆ ಹೊತ್ತಾಯಿತೆಂದು ಹೊರಗೆ ಬಂದಳು. ಅವಳ ಹಿಂದೆಯೇ ಶಾಂತವ್ವ ಗೋಡೆ ಹಿಡಿದು ಹೋದಳು. ಅವಳ ಕೈಯಲ್ಲಿ ತಂಬಿಗೆ. ಸೋಮವಾರವಾದ್ದರಿಂದ ಅದರಲ್ಲಿ ಹಾಲೂ ಇತ್ತು.

ಶಿವಬಸಪ್ಪನ ಕಾಫಿ ತಣ್ಣಗಾಯಿತು. ಮೂರು ಮೀಟರುಗಳ ಆತ್ಮಗಳು ಅವನ ಕಣ್ಣ ಮುಂದೆ ಸಾಲಾಗಿ ನಿಂತವು. ಸ್ಥಳೀಯ ಖನಿಜ ಶುದ್ಧ ವಿಭೂತಿಯಾಗಿತ್ತು.

“ನೀಲಾ, ಎಷ್ಟು ವರ್ಷಾತು ಇದು?”

“ಯಾವುದ್ರೀ?”

“ಇದರಾಗ ನೀರು ಹಾಕೂದು.”

“ಗಿಡ ಬಂದಾಗಿಂದ.”

“ಚಳಿಗಾಲದಾಗ ಇದಕ್ಕ ನೀರು ಹಾಕಬಾರದು ಅಂತ ನಾ ಆರು ವರ್ಷದಿಂದ ಬಡಕೊಳ್ಳಾಕತ್ತೀನಿ.”

“ನಾ ಎಲ್ಲಿ ನೀರು ಹಾಕೀನಿ?” ನೀಲಗಂಗಾಳಿಗೆ ನಿಜವಾಗಿಯೂ ಆಶ್ಚರ್ಯ. “ತೀರ್ಥ ಹಾಕೀನಿ.”

“ತೀರ್ಥ ಅಂದ್ರ ನೀರಲ್ಲೇನು?”

“ಹಂಗಾದ್ರ ಎಲ್ಲಿ ಹಾಕಬೇಕಿತ್ರೀ? ಸಿಂಕಿನ್ಯಾಗ? ಮುಸುರಿ ತಾಟಿನ ಮ್ಯಾಲ? ಹೊರಗ ಹಾಕಿದ್ರ ಲಾನ್ ಕತ್ತರಿಸಾಂವ ಬೂಟಿನ್ಯಾಗ ತುಳೀತಾನ. ಕಾಲು ಬೀಳದ ಜಾಗ ಮನ್ಯಾಗ ಇದೊಂದೇ. ಊರಾಗ ನಿಮ್ಮವ್ವ ಹಾಕ್ತಿದ್ದಿಲ್ಲೇನು ಕಣಗಿಲಿ ಬುಡಕ್ಕ?”

ಮಗಳು ಸೌಮ್ಯಾ ಸೀರಿಯಲ್ ತಿನ್ನುತ್ತಾ ತಲೆ ಎತ್ತಿದಳು. ಹದಿನಾರು ವರ್ಷದ ಅವಳಿಗೆ ಸ್ಕೂಲಿಗೆ ಹೊತ್ತಾಗಿತ್ತು. ಆದರೆ ಇದನ್ನು ಬಿಟ್ಟು ಹೋಗುವುದು ಹೇಗೆ. “ಡ್ಯಾಡ್, ನಂಗೆ ಗೊತ್ತಿತ್ತು. ಐ ಥಾಟ್ ಯು ನ್ಯೂ.”

ಪ್ರಪಂಚಕ್ಕೆಲ್ಲ ಗೊತ್ತಿದ್ದದ್ದು ಸಂಶೋಧಕನೊಬ್ಬನಿಗೇ ಗೊತ್ತಿರಲಿಲ್ಲ. ಗದ್ದಲ ಕೇಳಿ ಶಾಂತವ್ವ ಬಂದು ಕುರ್ಚಿಯಲ್ಲಿ ಕೂತಳು. ಏನು ಎಂದಳು. ಶಿವಬಸಪ್ಪ ಕೂಗಬೇಕೆಂದಿದ್ದ, ಅವಳ ಕೈಯಲ್ಲಿ ಖಾಲಿ ತಂಬಿಗೆ ನೋಡಿ ದನಿ ಇಳಿಸಿದ.

“ಯವ್ವಾ, ಈ ಗಿಡದ ಪದ್ಧತಿ ಬ್ಯಾರೆ ಐತಿ. ಚಳಿಗಾಲದಾಗ ಇದಕ್ಕ ಏನೂ ಕೊಡಬಾರದು. ಕೊಟ್ಟರ ಹೂ ಬಿಡಂಗಿಲ್ಲ.”

“ನೀರೂ?”

“ನೀರೂ.”

“ಎಷ್ಟು ದಿವಸ?”

“ಎಂಟು ವಾರ.”

ಶಾಂತವ್ವ ಖಾಲಿ ತಂಬಿಗೆಯನ್ನು ಮಡಿಲಿಗೆ ಇಳಿಸಿಕೊಂಡಳು. ಬೇಸರವಾಯಿತೇನೋ ಎಂದು ಮಗ, ಸೊಸೆ ಇಬ್ಬರೂ ಅವಳ ಮುಖ ನೋಡಿದರು. ಅವಳ ಮುಖದಲ್ಲಿ ಇದ್ದದ್ದು ಬೇಸರವಲ್ಲ. ಯಾವುದೋ ದೊಡ್ಡ ಮನೆಗೆ ಹೋಗಿ ತಪ್ಪು ಮಾತಾಡಿದವರ ಅಂಜಿಕೆ.

“ಅಂದ್ರ ಆಕಿ ಉಪಾಸ ಹಿಡದಾಳ” ಅಂದಳು. “ಉಪಾಸ ಹಿಡದಾಕಿ ಬಾಯಾಗ ನಾವು ದಿನಾ ಹೊತ್ತೊತ್ತಿಗೆ ತುರುಕೇವಿ. ಆಕಿ ಹೆಂಗ ಹೂ ಬಿಟ್ಟಾಳು?”

ಶಿವಬಸಪ್ಪ ಆರು ವರ್ಷದಲ್ಲಿ ಕ್ಲೈವಿಯಾದ ಬಗ್ಗೆ ಹದಿನಾಲ್ಕು ಲೇಖನ ಓದಿದ್ದ. ಹಾರ್ಮೋನು, ಉಷ್ಣಾಂಶ, ಎಲ್ಲ ಗೊತ್ತಿತ್ತು. ಗಿಡ ತಾನಾಗಿ ಏನನ್ನೋ ಮಾಡುತ್ತಿದೆ, ನಾವು ನಡುವೆ ಬರಬಾರದು ಎಂದು ಇಷ್ಟು ಚಿಕ್ಕದಾಗಿ ಯಾವ ಲೇಖನವೂ ಹೇಳಿರಲಿಲ್ಲ. ಅವನು ಎದ್ದು ಹೋಗಿ ಪತ್ರಿಕೆಗೆ ಬರೆದಿದ್ದ ಕಾಗದವನ್ನು ಲಕೋಟೆ ಸಮೇತ ಹರಿದ.

ಅಂದಿನಿಂದ ಶಾಂತವ್ವ ಕಾವಲಿಗೆ ಕೂತಳು. ಶಾಲು ಹೊದ್ದು, ಎರಡು ಜೊತೆ ಸಾಕ್ಸ್ ಹಾಕಿಕೊಂಡು, ಗಾಜಿನ ಕೋಣೆಯ ಬಾಗಿಲ ಹತ್ತಿರ ಅವಳ ಕುರ್ಚಿ. ಊಟಕ್ಕೆ ಬಂದ ಹರಿಪ್ರಸಾದ ಎದ್ದು ಹೋಗುವಾಗ ತನ್ನ ಲೋಟದಲ್ಲಿ ಉಳಿದ ನೀರನ್ನು ಅಭ್ಯಾಸಬಲದಿಂದ ಕುಂಡಕ್ಕೆ ಸುರಿಯಹೋದ.

“ಏ ತಮ್ಮಾ, ಬ್ಯಾಡ. ಆಕಿ ಉಪಾಸದಾಳ.”

“ಯಾರಮ್ಮಾ?”

“ಕಲ್ಲವ್ವ.”

ಹರಿಪ್ರಸಾದ ಸುತ್ತ ನೋಡಿದ. ಯಾರೂ ಕಾಣಲಿಲ್ಲ. ಲೋಟದ ನೀರನ್ನು ತಾನೇ ಕುಡಿದು, ಬೂಟು ಮೆಟ್ಟಿ ಹೊರಟ.

ಹೊಸ ವರ್ಷದ ಮೊದಲ ಶನಿವಾರ ಸರ್ಕಾರದ ಜಗಳ ತೀರಿತು. ಶಿವಬಸಪ್ಪ ಸೋಮವಾರದಿಂದ ಮತ್ತೆ ಎಸೆನ್ಷಿಯಲ್ ಆಗಬೇಕು. ಶನಿವಾರ ರಾತ್ರಿಯಿಂದಲೇ ಹಿಮ ಶುರುವಾಯಿತು. ಭಾನುವಾರ ಇಡೀ ದಿನ, ಸೋಮವಾರ ಅರ್ಧ ದಿನ. ಸರ್ಕಾರ ತೆರೆಯುವ ಮೊದಲೇ ಮತ್ತೆ ಮುಚ್ಚಿತು. ಕಾರು ಎಲ್ಲಿದೆ ಎನ್ನುವುದಕ್ಕೆ ಆಂಟೆನಾ ಒಂದೇ ಗುರುತು. ಹಿಂಬಾಗಿಲು ಒಂದು ಗೇಣೂ ಸರಿಯಲಿಲ್ಲ.

ಆಗ ತೀರ್ಥದ ಸಮಸ್ಯೆ ಎದ್ದಿತು. ಇಪ್ಪತ್ತು ದಿನದಿಂದ ಅದನ್ನು ಹಿತ್ತಲಿನ ಬೇಲಿಯ ಮೂಲೆಯಲ್ಲಿದ್ದ ಮೇಪಲ್ ಮರದ ಬುಡಕ್ಕೆ ಹಾಕುತ್ತಿದ್ದರು. ಈಗ ಬಾಗಿಲೇ ಇಲ್ಲ. ನೀಲಗಂಗಾಳ ಬಟ್ಟಲು, ಶಾಂತವ್ವನ ತಂಬಿಗೆ, ನಾಲ್ಕು ದಿನಕ್ಕೆ ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲಿನ ಪಾತ್ರೆಗಳು ಸಾಲುಗಟ್ಟಿದವು.

“ಅಜ್ಜಿ, ಇದು ಡ್ಯಾಮ್ ಆಯ್ತು” ಅಂದಳು ಸೌಮ್ಯಾ.

“ಆಗಲೇಳು, ಒಂದು ಕಾಲುವಿ ತೆಗದ್ರಾತು” ಅಂದಳು ಅಜ್ಜಿ. ಕಡೆಗೆ ಕಿಟಕಿ ತೆರೆದು, ಯಾರೂ ತುಳಿಯಲಾಗದ ಎದೆಯೆತ್ತರದ ಹಿಮದ ಮೇಲೆ ಎಲ್ಲವನ್ನೂ ಹುಯ್ದರು.

ಆ ದಿನಗಳಲ್ಲಿ ಗಾಜಿನ ಕೋಣೆ ನೋಡುವಂತಿತ್ತು. ಹಿಮ ಮೂರು ಕಡೆಯಿಂದಲೂ ಗಾಜಿಗೆ ಒತ್ತಿ ಅರ್ಧಕ್ಕೆ ಬಂದಿತ್ತು. ಹೊರಗೆ ಬಣ್ಣ ಎಂಬುದೇ ಉಳಿದಿರಲಿಲ್ಲ. ಶಬ್ದವೂ ಇಲ್ಲ, ಯಾವಾಗಲೂ ಹರಿಯುವ ಹೈವೇ ಕೂಡ ಮೂಕವಾಗಿತ್ತು. ನಡುವೆ ಕಲ್ಲವ್ವ. ಮೂರು ವಾರದಿಂದ ಒಂದು ಹನಿ ಕುಡಿದಿರಲಿಲ್ಲ. ಒಂದು ಎಲೆ ಬಾಡಿರಲಿಲ್ಲ, ಒಂದರ ತುದಿಯೂ ಬಾಗಿರಲಿಲ್ಲ. ಮಾತಿಗೆ ಮಾತು ಸೇರಿಸುವ ಆ ಮನೆಯ ಜನ ಬಾಗಿಲಿಗೆ ಬಂದು ಸುಮ್ಮನೆ ನಿಂತು ನೋಡಿ ಹೋಗುತ್ತಿದ್ದರು.

“ಇಷ್ಟು ಬಿಳೀದ್ರಾಗ ಇಷ್ಟು ಹಸರ” ಅಂದಳು ಶಾಂತವ್ವ. “ಎಲ್ಲಿಂದ ತಿಂತಾಳೋ ಇಕಿ?”

ಶಿವಬಸಪ್ಪ ಅವಳ ಬೆರಳನ್ನು ಹಿಡಿದು ಕುಂಡದ ಅಂಚಿಗೆ ತಂದ. ಇಕ್ಕಟ್ಟು ತಾಳಲಾರದೆ ಒಂದು ಬೇರು ಮಣ್ಣಿನ ಮೇಲೆ ಎದ್ದಿತ್ತು, ಅವಳ ಬೆರಳಷ್ಟೇ ದಪ್ಪ, ಬೆಳ್ಳಗೆ, ಗಟ್ಟಿಮುಟ್ಟು. “ಇದರಾಗ ಕೂಡಿಸಿ ಇಟ್ಟಿರ್ತೈತಿ, ಯವ್ವಾ. ಇದನ್ನ ನೆಚ್ಚಿಕೊಂಡು ಕುಂತಿರ್ತೈತಿ.”

ಶಾಂತವ್ವ ಆ ಬೇರನ್ನು ಸವರಿದಳು, ಕೂಸಿನ ಕಾಲು ಸವರುವ ಹಾಗೆ. “ದಿನಾ ತುಪ್ಪದಾಗ ಕೈ ತೊಳಿಯಾಕಿ ಅಲ್ಲ. ಎತ್ತಿಟ್ಟುಕೊಂಡು ಉಣ್ಣಾಕಿ” ಅಂದಳು.

ಜನವರಿ ಇಪ್ಪತ್ತೇಳರ ಶನಿವಾರ ಅವಳೇ ಕೂಗಿದಳು. ಕಣ್ಣಿಗೆ ಕಂಡು ಕೂಗಿದ್ದಲ್ಲ. ದಿನಾ ಎಲೆಗಳ ನಡುವೆ ಒಂದು ಬೆರಳು ಇಟ್ಟು ನೋಡುವ ರೂಢಿ ಮಾಡಿಕೊಂಡಿದ್ದಳು. ಆ ದಿನ ಎಲೆಯೆಲೆ ಅಂಟಿಕೊಂಡಿರುವ ನಡುಮಧ್ಯದಲ್ಲಿ ಬೆರಳಿಗೆ ಒಂದು ತೆರಪು ಸಿಕ್ಕಿತು. ತೆರಪಿನ ಒಳಗೆ ಮೊನೆ. ಶಿವಬಸಪ್ಪ ಟಾರ್ಚ್ ತಂದು ಬಿಟ್ಟ. ತಿಳಿಹಸಿರಿನ, ಮುಚ್ಚಿದ ಕೊಕ್ಕಿನಂಥ ಒಂದು ತುದಿ, ಕತ್ತಲೆಯೊಳಗಿಂದ ಮೇಲೆ ನೋಡುತ್ತಿತ್ತು. ಅವನು ಟಾರ್ಚ್ ಆರಿಸಿ, ಮತ್ತೆ ಹಚ್ಚಿ, ಇನ್ನೊಮ್ಮೆ ನೋಡಿದ. ವೈರಸ್ಸುಗಳನ್ನು ಮೊದಲ ಬಾರಿ ಸೂಕ್ಷ್ಮದರ್ಶಕದಲ್ಲಿ ಕಂಡಾಗಲೂ ಹೀಗೆ ಎರಡೆರಡು ಸಲ ನೋಡಿರಲಿಲ್ಲ.

ನಿಯಮವೇನೆಂದರೆ ಈಗಲೂ ಕಾಯಬೇಕು. ಕಡ್ಡಿ ಗೇಣುದ್ದ ಎದ್ದಮೇಲೆ ನೀರು, ಆಮೇಲೆ ಬೆಚ್ಚಗಿನ ಜಾಗ. ಶಿವಬಸಪ್ಪನಿಗೆ ಅದು ಗೊತ್ತಿತ್ತು. ಅವನೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದ. ಆದರೆ ಕ್ಯಾಲೆಂಡರಿನಲ್ಲಿ ಮಾರ್ಚ್ ಮೂವತ್ತಕ್ಕೂ ಒಂದು ಕೆಂಪು ಗುರುತಿತ್ತು. ಅವನು ಬೆರಳೆಣಿಸಿದ. ಒಂಬತ್ತು ವಾರ. ಚಳಿಯಲ್ಲಿ ಕಡ್ಡಿ ನಿಧಾನ ಬೆಳೆಯುತ್ತದೆ. ಕಾದರೆ ಏಪ್ರಿಲ್ ಆದೀತು. ಅಷ್ಟರಲ್ಲಿ ತಾಯಿ ನರಗುಂದದಲ್ಲಿರುತ್ತಾಳೆ.

ಅವನು ಕುಂಡವನ್ನು ಎತ್ತಿ ಬೆಚ್ಚಗಿನ ನಡುಮನೆಗೆ ತಂದ. ಉಗುರುಬೆಚ್ಚಗಿನ ನೀರು ಕೊಟ್ಟ. ಆಮೇಲೆ 'ನೋಡ್ರಿ, ಇನ್ನ ತೀರ್ಥ ಹಾಕ್ರಿ' ಎಂದು ಇಬ್ಬರಿಗೂ ತಾನೇ ಹೇಳಿದ.

“ಉಪಾಸ ಮುಗೀತೇನು?” ಶಾಂತವ್ವ ಕೇಳಿದಳು. “ಎಂಟು ವಾರ ಅಂದಿದ್ದಿ. ಆರೂ ಆಗಿಲ್ಲ.”

“ಸಾಕಾಗ್ತೈತಿ ಬಿಡವ್ವಾ.”

ಅವಳು ತಂಬಿಗೆ ತಂದು ಮೊದಲಿನ ಕಾಲುಭಾಗದಷ್ಟೇ, ಅಳುಕುತ್ತ ಹಾಕಿದಳು.

ಮೊಗ್ಗುಗಳ ಗೊಂಚಲು ಉಬ್ಬಿತು. ಕಡ್ಡಿ ಏಳಲಿಲ್ಲ. ಮಾರ್ಚ್ ಹತ್ತಕ್ಕೆ ಎರಡು ಬೆರಳು ಎತ್ತರ. ಮಾರ್ಚ್ ಇಪ್ಪತ್ತಕ್ಕೂ ಎರಡೇ ಬೆರಳು. ಶಿವಬಸಪ್ಪ ದಿನಕ್ಕೆ ನಾಲ್ಕು ಸಲ ಅಳತೆಪಟ್ಟಿ ಇಟ್ಟ. ಕಡೆಗೆ ನಾಚಿಕೆ ಬಿಟ್ಟು ಲಾರೆನ್ಸ್‌ವಿಲ್‌ಗೆ ಫೋನ್ ಮಾಡಿದ.

“ಎಷ್ಟು ದಿನ ಚಳ್ಯಾಗ ನೀರಿಲ್ಲದ ಇಟ್ಟಿದ್ದಿ?” ಗುರುಶಾಂತಪ್ಪ ಕೇಳಿದ.

“ಆರು ವಾರಕ್ಕ ಎರಡು ದಿನ ಕಮ್ಮಿ.”

“ಕಡ್ಡಿ ಮೂಡಿದ ಕೂಡಲೇ ಒಳಗ ತಂದೀ.”

“ಹೂಂ.”

“ಅವಸರ ಮಾಡೀದಿ. ಇನ್ನ ಏಳಂಗಿಲ್ಲ ಅದು. ಕುತ್ತಿಗಿ ಇಲ್ಲದ ಹೂ ಬರ್ತಾವು, ಎಲಿ ಹೊಟ್ಟ್ಯಾಗ ಕುಂತು ಅಲ್ಲೇ ಅರಳ್ತಾವು. ನೋಡಾಕೂ ಕಾಣಂಗಿಲ್ಲ.” ಆಮೇಲೆ ಅವನ ದನಿ ಬದಲಾಯಿತು. “ಯಾಕೋ ಶಿವ್ಯಾ, ನೀ ಹಂಗ ಅವಸರ ಮಾಡಾಂವ ಅಲ್ಲಲ್ಲ.”

ಶಿವಬಸಪ್ಪ ತಾಯಿಯ ಟಿಕೆಟಿನ ಮಾತು ಹೇಳಿದ. ಆ ಕಡೆಯಿಂದ ಈ ಸಲ ತಮಾಷೆ ಬರಲಿಲ್ಲ. “ನಾ ಆಗಿದ್ರೂ ಹಂಗೇ ಮಾಡ್ತಿದ್ದೆ” ಎಂದು ಗುರುಶಾಂತಪ್ಪ ಫೋನ್ ಇಟ್ಟ.

ಮಾರ್ಚ್ ಇಪ್ಪತ್ತೊಂಬತ್ತು, ಶುಕ್ರವಾರ. ಮರುದಿನ ವಿಮಾನ. ನಡುಮನೆಯಲ್ಲಿ ಎರಡು ದೊಡ್ಡ ಸೂಟ್‌ಕೇಸುಗಳು ಬಾಯಿ ತೆರೆದು ಕೂತಿದ್ದವು. ಶಿವಬಸಪ್ಪ ರಜೆ ಹಾಕಿದ್ದ. ಬೆಳಿಗ್ಗೆ ಎದ್ದು ಎಲೆಗಳ ನಡುವೆ ಕಣ್ಣಿಟ್ಟ. ಅರಳಿದ್ದವು. ಆದರೆ ಗುರುಶಾಂತಪ್ಪ ಹೇಳಿದ ಹಾಗೇ, ಪಟ್ಟಿಯಂಥ ಎಲೆಗಳ ಒತ್ತಿನಲ್ಲಿ, ಪಾತಾಳದಲ್ಲಿ. ನಿಂತು ನೋಡಿದರೆ ಒಂದು ಕೇಸರಿ ಗೆರೆ ಮಾತ್ರ. ಪೊರೆ ಬಂದ ಕಣ್ಣಿಗೆ ಅದೂ ಇಲ್ಲ.

ಶಾಂತವ್ವ ಸ್ನಾನ ಮುಗಿಸಿ ವಿಭೂತಿ ಧರಿಸಿ ಬಂದು ಕುಂಡದ ಎದುರು ಸ್ಟೂಲಿನ ಮೇಲೆ ಕೂತಳು. “ಬಿಟ್ಟಾಳಂತಲ್ಲ?”

“ಬಿಟ್ಟಾಳ, ಯವ್ವಾ. ಕಾಣಂಗಿಲ್ಲ. ನನ್ನ ತಪ್ಪು. ಅವಸರ ಮಾಡಿದೆ.”

ಅವನು ಕತ್ತರಿ ತಂದಿದ್ದ. ಮುಂದಿನ ನಾಲ್ಕು ಎಲೆ ತೆಗೆದರೆ ಹೂವು ಕಾಣುತ್ತದೆ. ವರ್ಷಕ್ಕೆ ನಾಲ್ಕೈದೇ ಎಲೆ ಹುಟ್ಟುವ ಗಿಡ. ಒಂದೊಂದು ಎಲೆಯ ತಾರೀಖೂ ನೋಟ್‌ಬುಕ್ಕಿನಲ್ಲಿತ್ತು. ಅವನು ಮೊದಲ ಎಲೆಯ ಬುಡಕ್ಕೆ ಕತ್ತರಿ ಇಟ್ಟ.

“ಏನದು ಕೈಯಾಗ?”

“ಕತ್ತರಿ. ಎಲಿ ತಗದ್ರ ನಿನಗ ಕಾಣ್ತೈತಿ.”

“ಇಡು ಕೆಳಗ” ಅಂದಳು. ಚಿಕ್ಕವನಿದ್ದಾಗ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು. “ಕದಾ ಮುರದು ಒಳಗ ಹೋಗಿ ದರ್ಶನ ಮಾಡ್ತಾರೇನು? ಕೈಲೆ ಸರಿಸು.”

ಅವನು ಮೊಣಕಾಲೂರಿ ಕೂತು, ಎಡಗಡೆಯ ಎಲೆಗಳನ್ನು ಎಡಗೈಯಿಂದ, ಬಲಗಡೆಯವನ್ನು ಬಲಗೈಯಿಂದ ಮೆಲ್ಲಗೆ ಹಿಡಿದು ಅಗಲಿಸಿದ. ಎಲೆಗಳು ದಪ್ಪ, ಸಿಗಿದುಹೋಗದಂತೆ, ಬಿಡದಂತೆ ಹಿಡಿಯಬೇಕು. ಸೌಮ್ಯಾ ಪಕ್ಕಕ್ಕೆ ಬಂದು ಟಾರ್ಚ್ ಬಿಟ್ಟಳು. ಕೆಳಗಿನ ಹಸಿರು ಕತ್ತಲೆಯಲ್ಲಿ ಗುಂಡಗೆ ಒತ್ತಿಕೊಂಡ ಹೂವುಗಳು ಒಮ್ಮೆಲೇ ಹೊತ್ತಿದವು. ಕಾವಿಯ ಬಣ್ಣ, ಗಂಟಲಿನಲ್ಲಿ ಅರಿಶಿನ, ಪ್ರತಿಯೊಂದೂ ಬಾಯಿ ತೆರೆದ ಸಣ್ಣ ಕಹಳೆ. ಹೊರಗಿನವರಿಗಾಗಿ ಅಲ್ಲ, ತಮ್ಮಷ್ಟಕ್ಕೆ ಉರಿಯುತ್ತಿದ್ದ ಹಾಗಿತ್ತು.

“ವಾವ್” ಎಂದು ಸೌಮ್ಯಾ ಉಸಿರಿನಲ್ಲೇ ಅಂದಳು. ಅಡುಗೆಮನೆಯಿಂದ ಬಂದ ನೀಲಗಂಗಾ ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕು ತಿಳಿಯದೆ ಹಾಗೇ ಕೈಮುಗಿದಳು.

ಶಾಂತವ್ವ ಬಾಗಿ ನೋಡಿದಳು. ನೋಡುತ್ತಲೇ ಇದ್ದಳು. ಕಣ್ಣಿನ ಪೊರೆಯ ಮೇಲೂ ಆ ಬಣ್ಣ ಬಿದ್ದಿತ್ತು. “ಬೆಂಕಿ ಕಂಡಂಗ ಕಾಣ್ತೈತಿ” ಅಂದಳು.

“ಒಂದು ಕಿತ್ತಕೋ ಯವ್ವಾ” ಅಂದ ಶಿವಬಸಪ್ಪ. ಆರು ವರ್ಷ ಕಾದ ಹೂವನ್ನು ಕೀಳು ಎನ್ನಲು ಅವನು ಒಂದು ವಾರದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. “ನಿನ್ನ ಹೂವ ಅದು. ಏರಿಸು.”

ಅವಳು ಕೈ ಇಳಿಸಿದಳು. ಹೂವುಗಳು ಎಷ್ಟು ಒತ್ತಾಗಿದ್ದವೆಂದರೆ ಬೆರಳು ತೂರಲು ಸಂದಿಲ್ಲ. ಒಂದನ್ನು ಜಗ್ಗಿದರೆ ನಾಲ್ಕು ಬರುತ್ತವೆ. ಅವಳ ಕೈ ಮೇಲೆ ಬಂತು. ಕರಡಿಗೆ ತೆರೆದಳು. ಕಪ್ಪಗೆ ಹೊಳೆಯುವ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು.

“ಇರಲಿ ಬಿಡೋ. ಆಕಿ ಉಪಾಸ ಮಾಡಿ ಒಳಗ ಕುಂತಾಳ, ಹೊರಗ ಬರೂದು ಆಕೀ ಕಡಿಂದ ಆಗಿಲ್ಲ. ನನ್ನ ದೇವರಿಗೆ ಏನಾಗೇತಿ? ಅರವತ್ತು ವರ್ಷ ನನ್ನ ಕೊರಳಾಗ ಕುಂತು ಎಲ್ಲಾ ಕಡೆ ತಿರುಗ್ಯಾನ. ಇಷ್ಟು ದೂರ ವಿಮಾನದಾಗ ಬಂದಾನ. ಇನ್ನೊಂದು ಮೊಳ ಬರ್ತಾನ. ಅಗಲಸು ಇನ್ನೊಂದೀಟ.”

ಅವನು ಇನ್ನಷ್ಟು ಅಗಲಿಸಿದ. ಶಾಂತವ್ವ ಲಿಂಗವಿದ್ದ ಅಂಗೈಯನ್ನು ಎಲೆಗಳ ನಡುವೆ, ಮೊಣಕೈವರೆಗೆ, ಮೆಲ್ಲಗೆ ಇಳಿಸಿದಳು. ಹೂವುಗಳು ಲಿಂಗದ ಮೇಲೆ ಬಾಗಿದವು. ಅವಳ ತುಟಿಗಳು ಅಲುಗುತ್ತಿದ್ದವು. ಏನು ಹೇಳಿದಳೋ ಯಾರಿಗೂ ಕೇಳಿಸಲಿಲ್ಲ. ಶಿವಬಸಪ್ಪ ಪೂಜೆ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಅವನ ಮುಖ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಎರಡೂ ಕೈಗಳಲ್ಲಿ ಎಲೆ ಇದ್ದದ್ದರಿಂದ ಕಣ್ಣು ಒರೆಸಿಕೊಳ್ಳಲು ಬರುವಂತಿರಲಿಲ್ಲ.

ಅವಳು ಕೈ ಹೊರಗೆ ತೆಗೆದಾಗ ಕಪ್ಪು ಲಿಂಗದ ನೆತ್ತಿಯ ಮೇಲೆ ಹಳದಿ ಪರಾಗ ಸಾಸಿವೆಯಷ್ಟು ಹತ್ತಿತ್ತು. ಶಾಂತವ್ವ ಅದನ್ನು ಒರೆಸಲಿಲ್ಲ. ಹಾಗೆಯೇ ಬಟ್ಟೆ ಸುತ್ತಿ, ಕರಡಿಗೆಯಲ್ಲಿಟ್ಟು, ಮುಚ್ಚಳ ಹಾಕಿದಳು.

“ಬಿಡಪಾ ಇನ್ನ, ಕೈ ನೋಯ್ತಾವು” ಅಂದಳು.

“ಇರ್ಲಿ ತಡಿ, ಯವ್ವಾ” ಎಂದು ಶಿವಬಸಪ್ಪ ಎಲೆಗಳನ್ನು ಹಾಗೇ ಹಿಡಿದುಕೊಂಡು ಒಳಗೆ ನೋಡುತ್ತಾ ಕೂತ.